ಶಿಸ್ತಿನ ಶಿವಪ್ಪನಾಯಕನ ಚರಿತ್ರೆ

ಶ್ರೀಮಠದ ಮಹೋತ್ಸವದ ಈ ಸ್ಮಾರಕ ಗ್ರಂಥಕ್ಕೆ ಪೂರ್ವಕಾಲದ ಶಿವಭಕ್ತರೊಬ್ಬರ ಚರಿತ್ರೆಯನ್ನು ಬರೆದುಕೊಡಬೇಕೆಂದು ಶ್ರೀಗುರುಗಳ ಅಪ್ಪಣೆಯಾಯಿತು. ಕಲ್ಯಾಣದ ಶರಣರ ಚರಿತ್ರೆಗಳು ನಮ್ಮ ಸದ್ಭಕ್ತರಿಗೆಲ್ಲ ಬಾಯಿಪಾಠವಾಗಿರುವುವು. ಶ್ರಾವಣಮಾಸದ ಪುರಾಣಗಳಲ್ಲಿ ಅವನ್ನು ವರ್ಷವರ್ಷವೂ ಕೇಳಿ ಧನ್ಯರಾಗುತ್ತಿರುವೆವು. ಆದಕಾರಣ ಈ ಸಲ ನಮ್ಮ ಮಲೆನಾಡನ್ನೇ ಆಳಿದ ದೊರೆಯೊಬ್ಬನ ಚರಿತ್ರೆಯನ್ನು ಆರಿಸಿಕೊಂಡಿರುವೆನು. ಆತನೇ ಕೆಳದಿಯ ಶಿವಪ್ಪನಾಯಕನು. ಆತನು ಗೆದ್ದ ಕೋಟೆಗಳ ಹೆಸರನ್ನು ಬಲ್ಲವರು ಬಹುಮಂದಿ ಇರುವರು. ಆದರೆ ಗದ್ದೆಯ ಬದುವಿನಲ್ಲಿಯೂ ತೋಟದ ಸಾಲಿನಲ್ಲಿಯೂ ಆತನು ನಡಸಿದ ಸತ್ಯದ ಸಾಧನೆಯನ್ನು ನೆನೆಯುವವರು ವಿರಳ. ಆ ಸಾಧನೆಯೇ ಈ ಲೇಖನದ ಮುಖ್ಯ ವಿಷಯವು.

ಶಿವಮೊಗ್ಗೆಯ ಸೀಮೆಯಲ್ಲಿ, ಸಾಗರದ ಸಮೀಪದಲ್ಲಿರುವ ಕೆಳದಿಯೆಂಬ ಗ್ರಾಮದಿಂದ ಹೊರಟ ಈ ಅರಸುಮನೆತನವು ಕ್ರಿ.ಶ. 1500ರ ಸುಮಾರಿನಲ್ಲಿ ಚೌಡಪ್ಪನಾಯಕನಿಂದ ಮೊದಲಾಯಿತು. ವಿಜಯನಗರದ ಸಾಮ್ರಾಟರಿಗೆ ಸಾಮಂತರಾಗಿದ್ದ ಈ ನಾಯಕರು, 1565ರಲ್ಲಿ ಆ ಮಹಾಸಾಮ್ರಾಜ್ಯಕ್ಕೆ ಕೇಡು ಬಂದ ಮೇಲೆ ಕ್ರಮಕ್ರಮವಾಗಿ ಸ್ವತಂತ್ರರಾದರು. ಅವರ ರಾಜಧಾನಿಯು ಕೆಳದಿಯಿಂದ ಇಕ್ಕೇರಿಗೂ, ಇಕ್ಕೇರಿಯಿಂದ ಬಿದನೂರಿಗೂ ಬದಲಾಯಿತು. ಅವರು ವೀರಶೈವ ಮತಾವಲಂಬಿಗಳು. ಕೆಳದಿಯ ರಾಮೇಶ್ವರನನ್ನೂ ಇಕ್ಕೇರಿಯ ಅಘೋರೇಶ್ವರನನ್ನೂ ಭಕ್ತಿಯಿಂದ ಆರಾಧಿಸಿದವರು. ಜಂಗಮ ಮಠಗಳಿಗೆ ಉಂಬಳಿಗಳನ್ನು ಬಿಟ್ಟಂತೆಯೇ ಶೃಂಗೇರಿಯ ಮಠಕ್ಕೂ ದತ್ತಿಗಳನ್ನು ಬಿಟ್ಟವರು. ನಮ್ಮ ಜಿಲ್ಲೆಯ ಕೊಪ್ಪ ಶೃಂಗೇರಿಗಳ ಸೀಮೆಯೂ, ಚಿಕ್ಕಮಗಳೂರಿನ ಬಳಿಯ ವಸುಧಾರೆಯೆಂಬ ವಸ್ತಾರೆಯೂ ಅವರ ರಾಜ್ಯಕ್ಕೆ ಒಳಪಟ್ಟಿದ್ದುವು.

ಆ ಕಾಲದಲ್ಲಿ ಈ ಬೆಟ್ಟಗಳ ರೂಪವೇ ಬೇರೆಯಾಗಿದ್ದಿತು. ಇಂದು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಇಳಿಜಾರುಗಳಲ್ಲೆಲ್ಲ ಕಾಣುವ ಕಾಫಿಯ ತೋಟಗಳು ಅಂದು ಇರಲಿಲ್ಲ. ಬಾಬಾಬುಡನ್ನರು ಅರಬ್ಬೀ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯವು ಆ ಶತಮಾನಕ್ಕೇ ಸೇರಿದುದಾದರೂ, ವಿಸ್ತಾರವಾದ ತೋಟಗಳು ಎದ್ದುದು 19ನೆಯ ಶತಮಾನದಲ್ಲಿ. ಶಿವಪ್ಪನಾಯಕನ ಪ್ರಜೆಗಳು ಕಣಿವೆಯ ತಳದಲ್ಲಿ ಬತ್ತವನ್ನೂ, ನೀರಿನ ಆಸರೆಯಲ್ಲಿ ಅಡಕೆಯನ್ನೂ, ಮರಗಳಿಗೆ ಹಬ್ಬಿಸಿ ಮೆಣಸನ್ನೂ ಬೆಳೆದು ಜೀವಿಸುತ್ತಿದ್ದರು. ಆದರೆ ಮಳೆಯು ಅಂದೂ ಇದೇ ಮಳೆ. ಇಳಿಜಾರೂ ಇದೇ ಇಳಿಜಾರು. ಒಂದು ವರ್ಷ ಹೊನ್ನಿನಂತೆ ಫಲಿಸಿದ ಅಡಕೆಯ ತೋಟವು ಮರುವರ್ಷ ಕೊಳೆರೋಗದಿಂದ ಕಾಯುದುರಿಸಿ ನಿಲ್ಲುವ ಕಷ್ಟವನ್ನು ಅಂದಿನವರೂ ಅನುಭವಿಸಿದ್ದರು.

ಶಿವಪ್ಪನಾಯಕನು ಪಟ್ಟಕ್ಕೆ ಬಂದುದು 1645ರಲ್ಲಿ. ಆತನಿಗೆ ಹಿಂದೆ ಆಳಿದವನು ದಾಯಾದಿಯಾದ ವೀರಭದ್ರನಾಯಕನು. ವೀರಭದ್ರನ ಕಾಲದಲ್ಲಿ, 1637ರಲ್ಲಿ, ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಬಸವಾಪಟ್ಟಣದ ಕೆಂಗೆ ಹನುಮಪ್ಪನಾಯಕನ ಸಹಾಯದಿಂದ ಇಕ್ಕೇರಿಯ ಮೇಲೆ ಬಿದ್ದು ಸೂರೆಮಾಡಲು, ರಾಜಧಾನಿಯನ್ನು ಬಿದನೂರಿಗೆ ಒಯ್ಯಬೇಕಾಗಿ ಬಂದಿತು. ಆ ವಿಪತ್ತಿನಲ್ಲಿ ರಾಜ್ಯದ ಭಾರವನ್ನು ಹೊತ್ತು ನಿಂತವನು ಶಿವಪ್ಪನು. ಆತನ ವಂಶದ ಆಶ್ರಯದಲ್ಲಿ ಹುಟ್ಟಿದ ಕಾವ್ಯಪರಂಪರೆಯು, ವೀರಭದ್ರನು ತಾನಾಗಿಯೇ ರಾಜ್ಯವನ್ನು ಒಪ್ಪಿಸಿ ನಿವೃತ್ತನಾದನೆಂದು ಹೇಳುವುದು. ಸಮುದ್ರತೀರದಲ್ಲಿದ್ದ ಪರದೇಶೀಯರ ಬರಹಗಳಾದರೋ ಆ ಬದಲಾವಣೆಯಲ್ಲಿ ಬಲಾತ್ಕಾರವನ್ನು ಶಂಕಿಸುವುವು. ಮಠದ ಗ್ರಂಥದಲ್ಲಿ ಈ ಮಾತನ್ನು ಏಕೆ ಎತ್ತಬೇಕೆಂದು ಕೆಲವರು ಕೇಳಬಹುದು. ಸತ್ಯವನ್ನು ಕೊಂಡಾಡಲು ಹೊರಟ ಲೇಖನಿಯು ತನಗೆ ಹಿತವಲ್ಲದುದನ್ನು ಮರೆಸಬಾರದು. ಸಿಂಹಾಸನವನ್ನು ಹೇಗೆ ಏರಿದನೆಂಬ ವಿಷಯದಲ್ಲಿ ಎರಡು ಮಾತುಂಟು. ಏರಿದ ಮೇಲೆ ಪ್ರಜೆಗಳಿಂದ ಹೇಗೆ ತೆಗೆದುಕೊಂಡನೆಂಬ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ.

ಆತನ ಶೌರ್ಯವನ್ನು ಸಂಕ್ಷೇಪವಾಗಿ ಹೇಳುವೆನು. ಕರಾವಳಿಯ ರೇವುಗಳನ್ನು ಹಿಡಿದು ಅಕ್ಕಿ ಮೆಣಸುಗಳ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದ ಪೋರ್ಚುಗೀಸರನ್ನು 1652ರಿಂದ 1654ರವರೆಗಿನ ಕಾಲದಲ್ಲಿ ಬಸರೂರು, ಗಂಗೊಳ್ಳಿ, ಮಂಗಳೂರು, ಹೊನ್ನಾವರಗಳ ಕೋಟೆಗಳಿಂದ ಹೊರಡಿಸಿದನು. ದಕ್ಷಿಣದಲ್ಲಿ ಕಾಸರಗೋಡಿನ ಸೀಮೆಯ ಬೇಕಲ, ಚಂದ್ರಗಿರಿ ಕೋಟೆಗಳೊಂದಿಗೆ ಇಂದಿಗೂ ಆತನ ಹೆಸರು ಕೂಡಿಬರುವುದು. ರಾಜ್ಯಭ್ರಷ್ಟನಾಗಿ ಅಲೆಯುತ್ತಿದ್ದ ವಿಜಯನಗರದ ಕಡೆಯ ಸಾಮ್ರಾಟ ಶ್ರೀರಂಗರಾಯನಿಗೆ ಆಶ್ರಯವನ್ನಿತ್ತು, ಬೇಲೂರು ಮತ್ತು ನಮ್ಮ ಜಿಲ್ಲೆಯ ಸಕ್ಕರೆಪಟ್ಟಣಗಳಲ್ಲಿ ನೆಲೆಗೊಳಿಸಿದನು. ಒಂದು ಕಾಲದಲ್ಲಿ ತನ್ನ ಹಿರಿಯರಿಗೆ ಒಡೆಯರಾಗಿದ್ದವರ ಸಂತತಿಯು ಬಡವಾಗಿ ಬಾಗಿಲಿಗೆ ಬಂದಾಗ, ಬಲವುಳ್ಳವರು ಮುಖ ತಿರುಗಿಸುವುದೇ ಲೋಕದ ರೂಢಿ. ಈತನು ಹಾಗೆ ಮಾಡಲಿಲ್ಲ. ಆ ರಾಯನ ಪಕ್ಷವನ್ನು ವಹಿಸಿ ಶ್ರೀರಂಗಪಟ್ಟಣದವರೆಗೂ ದಂಡೆತ್ತಿ ಹೋದನು. ಆದರೆ ಆ ಪಟ್ಟಣವು ಕೈಸೇರದೆ ಹಿಂದಿರುಗಬೇಕಾಯಿತು.

ಇಷ್ಟೆಲ್ಲ ದಂಡಯಾತ್ರೆಗಳಿಗೆ ಹಣ ಬೇಡವೆ? ಕೋಟೆಗೆ ಕಲ್ಲು, ಕುದುರೆಗೆ ಹುರುಳಿ, ಸೈನಿಕನಿಗೆ ಸಂಬಳ, ಇವೆಲ್ಲವೂ ಕಟ್ಟಕಡೆಗೆ ರೈತನ ಕಣಜದಿಂದಲೇ ಬರತಕ್ಕವು. ಖಜಾನೆ ಬರಿದಾದಾಗ ಅರಸರು ಅನುಸರಿಸುವ ದಾರಿಯೊಂದುಂಟು. ಅಧಿಕಾರಿಯು ಗ್ರಾಮಕ್ಕೆ ಬಂದು, ಪೈರನ್ನು ದೂರದಿಂದ ನೋಡಿ, ಇಷ್ಟು ಬೆಳೆದಿರಬೇಕೆಂದು ಊಹಿಸಿ, ಊಹೆಯ ಮೇಲೆ ಕಂದಾಯವನ್ನು ಕಟ್ಟುವನು. ಊಹೆಯು ಹೆಚ್ಚಾದರೆ ರೈತನು ಕೆಡುವನು. ಅಧಿಕಾರಿಯ ಕೈ ಬೆಚ್ಚಗಾದರೆ ಅದೇ ಊಹೆ ಕಡಮೆಯಾಗುವುದು. ಹೀಗೆ ಅಂದಾಜಿನ ನೆರಳಿನಲ್ಲಿ ಸುಳ್ಳೂ ಅನ್ಯಾಯವೂ ಜೊತೆಯಾಗಿ ಬೆಳೆಯುವುವು.

ಶಿವಪ್ಪನಾಯಕನು ಹಿಡಿದ ದಾರಿಯು ಇದಕ್ಕೆ ತೀರ ಭಿನ್ನವಾದುದು. ಹಳೆಯ ಕಂದಾಯದ ದಾಖಲೆಗಳನ್ನು ಆಧರಿಸಿ ಹಿಂದಿನ ವಿದ್ವಾಂಸರು ತಿಳಿಸಿರುವ ಕ್ರಮವಿದು: ಪ್ರತಿಯೊಂದು ಗ್ರಾಮದಲ್ಲಿಯೂ, ಅಲ್ಲಿರುವ ಒಂದೊಂದು ಬಗೆಯ ಭೂಮಿಗೆ ಒಂದೊಂದರಂತೆ ಕ್ಷೇತ್ರಗಳನ್ನು ಆರಿಸಿ, ಅವನ್ನು ಸಾಗುವಳಿ ಮಾಡುವ ಭಾರವನ್ನು ದೊರೆಯು ತನ್ನ ಸ್ವಂತ ಲೆಕ್ಕಕ್ಕೆ ತೆಗೆದುಕೊಂಡನು. ಬಿತ್ತಿದ ಬೀಜವೆಷ್ಟು, ಉತ್ತುವುದಕ್ಕೂ ಕೊಯ್ಯುವುದಕ್ಕೂ ತಗುಲಿದ ವೆಚ್ಚವೆಷ್ಟು, ಕಣಕ್ಕೆ ಬಂದ ಬತ್ತವೆಷ್ಟು, ಅದರ ಬೆಲೆಯೆಷ್ಟು ಎಂಬಿವನ್ನೆಲ್ಲ ಬರೆದಿಡಿಸಿದನು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಸತತವಾಗಿ 12 ವರ್ಷ ಈ ಕಾರ್ಯವು ನಡೆಯಿತು. ಅತಿವೃಷ್ಟಿಯ ವರ್ಷವೂ ಅನಾವೃಷ್ಟಿಯ ವರ್ಷವೂ ಸುಭಿಕ್ಷದ ವರ್ಷವೂ ಆ ಕಡತದಲ್ಲಿ ಸೇರಿದುವು. ಆ ಬಳಿಕ ಅವೆಲ್ಲದರ ಸರಾಸರಿಯನ್ನು ತೆಗೆದು, ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮವೆಂದು ಐದು ತರಗತಿಗಳಾಗಿ ವಿಂಗಡಿಸಿ, ಹುಟ್ಟುವಳಿಯ ಮೂರರಲ್ಲೊಂದು ಪಾಲು ಅರಸಿನದೆಂದು ಗೊತ್ತುಮಾಡಿದನು. ಇದಕ್ಕೇ ಶಿಸ್ತು ಎಂದು ಹೆಸರಾಯಿತು.

ಭಕ್ತಮಹಾಶಯರು ಇಲ್ಲಿ ಒಂದು ಕ್ಷಣ ನಿಂತು ವಿಚಾರಿಸಬೇಕು. ಕೇಳುವವನಿಗೆ ಯಾವಾಗಲೂ ಅವಸರ. ಈ ದೊರೆಗೆ ಸುತ್ತಲೂ ಹಗೆಗಳಿದ್ದರು. ದಂಡಿಗೆ ಹಣವು ಇಂದೇ ಬೇಕಾಗಿದ್ದಿತು. ಹೀಗಿದ್ದರೂ, ನ್ಯಾಯವಾಗಿ ಎಷ್ಟು ಕೇಳಬಹುದೆಂಬುದನ್ನು ತಿಳಿಯುವುದಕ್ಕಾಗಿ ಆತನು ಒಂದು ತಪಸ್ಸಿನ ಕಾಲವನ್ನು ವ್ಯಯಮಾಡಿದನು. ಆಳಿದುದು 15 ವರ್ಷ. ಅದರಲ್ಲಿ 12 ವರ್ಷ ಮಣ್ಣನ್ನು ಕೇಳಿ ತಿಳಿಯುವುದಕ್ಕೆ ಸಂದಿತು. ರೈತನು ಹೇಳಿದರೆ ಕಡಮೆ ಹೇಳುವನು, ಅಧಿಕಾರಿಯು ಹೇಳಿದರೆ ಹೆಚ್ಚು ಹೇಳುವನು. ಇವರಿಬ್ಬರ ನಡುವೆ ಪಕ್ಷಪಾತವಿಲ್ಲದ ಸಾಕ್ಷಿಯೆಂದರೆ ಭೂಮಿ. ಆ ಸಾಕ್ಷಿಯು ಮಾತನಾಡಬೇಕಾದರೆ ಕೇಳುವವನು ತಾನೇ ಬಿತ್ತಬೇಕು, ತಾನೇ ವೆಚ್ಚವನ್ನು ಹೊರಬೇಕು, ತಾನೇ ನಷ್ಟವನ್ನೂ ಕಾಣಬೇಕು. ಶರಣರು ಕಾಯಕವು ಸತ್ಯಶುದ್ಧವಾಗಿರಬೇಕೆಂದು ಬೋಧಿಸಿದರು. ಅನ್ಯರ ಕಾಯಕದ ಫಲದಲ್ಲಿ ಪಾಲನ್ನು ಕೇಳುವವನ ಕೇಳಿಕೆಯೂ ಸತ್ಯಶುದ್ಧವಾಗಿರಬೇಕೆಂಬ ಅರ್ಥವು ಈ ದೊರೆಯ ಆಚರಣೆಯಲ್ಲಿ ನಮಗೆ ಹೊಳೆಯುವುದು.

ತೋಟಗಳ ವಿಷಯದಲ್ಲಿ ಆತನು ಇಟ್ಟ ಕಟ್ಟಳೆಯು ಇನ್ನೂ ಮನೋಹರವಾದುದು. ಅಡಕೆಯ ತೋಟಗಳನ್ನು ಅಳೆಯುವುದಕ್ಕೆ ಒಂದು ಗಳುವನ್ನು ಗೊತ್ತುಮಾಡಿದರು. ಒಂದು ಮರಕ್ಕೆ ಬೇಕಾದ ಆ ಅಳತೆಯ ಅವಕಾಶಕ್ಕೆ ದಾಯವೆಂದು ಹೆಸರು. ಸಾವಿರ ದಾಯಗಳಿಗೆ ಇಷ್ಟೆಂದು ಶಿಸ್ತು. ಆ ಗಳುವಿನ ಉದ್ದವು ಯಾವುದಕ್ಕೆ ಸಮವಾಗಿದ್ದಿತೆಂದರೆ, ಇಕ್ಕೇರಿಯ ಅಘೋರೇಶ್ವರ ದೇವಾಲಯದ ಬಾಗಿಲಿನ ಕಲ್ಲು ಮೆಟ್ಟಿಲಿಗೆ. ಇಂದಿನ ಲೆಕ್ಕದಲ್ಲಿ 18 ಅಡಿಗೆ ತುಸು ಮಿಕ್ಕಿ. ಅರಸನ ಮೊಳದಿಂದಾಗಲಿ ಅಧಿಕಾರಿಯ ಹೆಜ್ಜೆಯಿಂದಾಗಲಿ ಅಳೆಯುವ ಪಾಡು ತಪ್ಪಿತು. ಮರದ ಗಳು ಸವೆದೀತು, ಕಳ್ಳನೊಬ್ಬನು ಅದರ ತುದಿಯನ್ನು ಕೊಯ್ದಾನು; ಆದರೆ ದೇವರ ಹೊಸ್ತಿಲ ಮುಂದಿನ ಕಲ್ಲನ್ನು ಗಿಡ್ಡಮಾಡುವವರಾರು? ಸಂದೇಹ ಬಂದ ರೈತನು ದೇವರಿಗೆ ಕೈಮುಗಿಯಲು ಹೋದಾಗಲೇ ತನ್ನ ಗಳುವನ್ನು ಆ ಕಲ್ಲಿಗೆ ಹೊಂದಿಸಿ ನೋಡಬಹುದಾಗಿದ್ದಿತು. ಪೂಜೆಗೆ ಹೋಗುವ ದಾರಿಯಲ್ಲಿಯೇ ಲೋಕವ್ಯವಹಾರದ ಅಳತೆಯೂ ಇದ್ದಿತು; ಗುಡಿಯೊಳಗಿನ ಸತ್ಯಕ್ಕೂ ತೋಟದೊಳಗಿನ ಸತ್ಯಕ್ಕೂ ಒಂದೇ ಕಲ್ಲು.

ಶಿಸ್ತು ಜಾರಿಗೆ ಬಂದುದು 1660ರಲ್ಲಿ. ಅದೇ ವರ್ಷದಲ್ಲಿ ಶಿವಪ್ಪನಾಯಕನು ಲಿಂಗೈಕ್ಯನಾದನು. ಬಿತ್ತಿದವನು ತಾನು, ಲೆಕ್ಕವಿಟ್ಟವನು ತಾನು. ಆ ಲೆಕ್ಕದ ಮೇಲೆ ಬಂದ ಕಂದಾಯದಿಂದ ಆಳುವ ಭಾಗ್ಯವು ಬೇರೆಯವರದಾಯಿತು. ತನ್ನ ಕಾಲದಲ್ಲಿಯೇ ಫಲವನ್ನು ಕಾಣಬೇಕೆಂಬ ಆತುರವಿದ್ದಿದ್ದರೆ ಈ ಕಾರ್ಯವು ಆಗುತ್ತಿರಲಿಲ್ಲ. ಅಡಕೆಯ ಸಸಿಯನ್ನು ನೆಡುವ ಮುದುಕನು ಮೊಮ್ಮಕ್ಕಳಿಗಾಗಿ ನೆಡುವನೆಂದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆತನ ತರುವಾಯ 39 ವರ್ಷಗಳ ಕಾಲ ಆ ಶಿಸ್ತು ಕದಲದೆ ನಿಂತಿತು. ತಮ್ಮನಾದ ವೆಂಕಟಪ್ಪನಾಯಕನು, ಮಕ್ಕಳಾದ ಭದ್ರಪ್ಪ ಸೋಮಶೇಖರನಾಯಕರು, ಸೊಸೆಯಾದ ಚೆನ್ನಮ್ಮಾಜಿ, ಆಕೆಯ ದತ್ತುಪುತ್ರನಾದ ಬಸವಪ್ಪನಾಯಕನು, ಹೀಗೆ ಐವರು ಪಟ್ಟವನ್ನೇರಿದರು. ಶಿವಾಜಿಯ ಮಗನಾದ ರಾಜಾರಾಮನಿಗೆ ಚೆನ್ನಮ್ಮಾಜಿಯು 1689ರಲ್ಲಿ ಆಶ್ರಯವನ್ನಿತ್ತುದರಿಂದ ಔರಂಗಜೇಬನ ಸೈನ್ಯವೇ ಮೇಲೆ ಬಿದ್ದಿತು. ಅಂಥ ಸಂಕಟದಲ್ಲಿಯೂ ಶಿವಪ್ಪನಾಯಕನ ಲೆಕ್ಕವು ಬದಲಾಗಲಿಲ್ಲವೆಂಬುದು ಗಮನಿಸತಕ್ಕ ಮಾತು. ಪ್ರತಿಯೊಂದು ಕಾಳನ್ನೂ ಎಣಿಸಿ ಕಟ್ಟಿದ ಲೆಕ್ಕವಾದುದರಿಂದ ಅದನ್ನು ಮುರಿಯಲು ಮುಂದಿನವರಿಗೆ ಸಂಕೋಚವಾಗಿರಬೇಕು.

ಮುಂದಿನ ಕಥೆಯನ್ನೂ ಹೇಳಬೇಕಾಗಿದೆ. 1700ರಲ್ಲಿ ಶಿಸ್ತಿನ ಮೇಲೆ ರೂಪಾಯಿಗೆ ಒಂದಾಣೆಯಂತೆ, ಎಂದರೆ ಹದಿನಾರರಲ್ಲೊಂದು ಪಾಲು, ಪಗಡಿಯೆಂಬ ತೆರಿಗೆಯು ಕೂಡಿತು. 1736ರಲ್ಲಿ ಬಂದವರಿಗೆಲ್ಲ ಅನ್ನವಿಡುವುದಕ್ಕೆಂದು ಇನ್ನೊಂದಾಣೆಯು ಸೇರಿತು. ಅದರ ಹೆಸರು ದಾಸೋಹ. 1753ರಲ್ಲಿ ಮರಾಠರಿಗೆ ಕೊಡಬೇಕಾದ ಹಣಕ್ಕಾಗಿ ಎರಡಾಣೆಯ ಪಟ್ಟಿಯು ಬಂದಿತು. 1763ರಲ್ಲಿ ಬಿದನೂರು ಹೈದರನ ವಶವಾಗಿ ಆ ರಾಜ್ಯವೇ ಮುಗಿಯಿತು. ಈ ಮೂರರಲ್ಲಿ ನಡುವಣ ತೆರಿಗೆಯ ಹೆಸರನ್ನು ಮೊದಲ ಸಲ ಓದಿದಾಗ ನನ್ನ ಮನಸ್ಸು ಅಳುಕಿತು. ಹಸಿದವರಿಗೆ ಅನ್ನವಿಡುವುದು ಪುಣ್ಯಕಾರ್ಯವೇ ಸರಿ. ಆದರೆ ದಾಸೋಹವೆಂಬುದು ತನ್ನ ಕಾಯಕದಿಂದ ಬಂದುದನ್ನು ತಾನಾಗಿ ಬಾಗಿ ಅರ್ಪಿಸುವುದು. ಅನ್ಯನ ಕಣಜದಿಂದ ಕಟ್ಟಳೆಯ ಬಲದಿಂದ ಎತ್ತಿ ತಂದುದಕ್ಕೆ ಆ ಹೆಸರು ಸಲ್ಲುವುದೆ? ಉಣ್ಣುವವನಿಗೆ ತೃಪ್ತಿ, ಬಡಿಸುವವನಿಗೆ ಕೀರ್ತಿ. ಕೊಟ್ಟವನಿಗೆ ಮಾತ್ರ ಉಳಿದುದು ಹೊರೆ. ಭಕ್ತರು ಹೊತ್ತು ತಂದ ಅಕ್ಕಿಯಿಂದ ನಿತ್ಯವೂ ಪಂಕ್ತಿ ನಡಸುವ ನಮ್ಮಂಥ ಮಠದವರು ಈ ಪ್ರಶ್ನೆಯನ್ನು ಇತರರಿಗಿಂತ ಮೊದಲು ನಮ್ಮನ್ನೇ ಕೇಳಿಕೊಳ್ಳತಕ್ಕದ್ದು.

ಹೆರವರಿಗೆ ಹೇಳುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುವೆನು. ಕೆಲವು ವರ್ಷಗಳ ಹಿಂದೆ ಕಾಫಿಯ ಕುಯ್ಲಿನ ಕಾಲದಲ್ಲಿ, ಪೂಜೆಯ ನಿಮಿತ್ತವಾಗಿ ಮಲೆಯ ತೋಟವೊಂದಕ್ಕೆ ಹೋಗಿದ್ದೆನು. ಸಂಜೆಯಾಗಿದ್ದಿತು. ಆಳುಗಳು ಹಗಲೆಲ್ಲ ಕೊಯ್ದ ಹಣ್ಣಿನ ಚೀಲಗಳನ್ನು ಹೊತ್ತು ತಂದು ತಕ್ಕಡಿಯ ಮುಂದೆ ಸಾಲಾಗಿ ನಿಂತಿದ್ದರು. ತೂಗುವವನು ಒಂದೊಂದು ಚೀಲವನ್ನೂ ಕೊಕ್ಕೆಗೆ ತಗುಲಿಸಿ, ಇಬ್ಬನಿಯ ನೀರಿಗೆಂದೂ ಎಲೆಕಡ್ಡಿಗೆಂದೂ ಮನಸ್ಸಿಗೆ ಬಂದಷ್ಟನ್ನು ಕಳೆದು ಪುಸ್ತಕದಲ್ಲಿ ಬರೆಯುತ್ತಿದ್ದನು. ವಯಸ್ಸಾದ ಹೆಂಗಸೊಬ್ಬಳು ತನ್ನ ಚೀಲದ ತೂಕವನ್ನು ಬರೆದಾಗ ತಕ್ಕಡಿಯ ಮುಳ್ಳನ್ನು ನೋಡಿದಳು. ಬಳಿಕ ವಿಭೂತಿ ರುದ್ರಾಕ್ಷಿಗಳನ್ನು ಧರಿಸಿ ಜಗಲಿಯ ಮೇಲೆ ಕುಳಿತಿದ್ದ ನನ್ನನ್ನು ನೋಡಿದಳು. ಮಾತನಾಡಲಿಲ್ಲ. ನಾನೂ ಮಾತನಾಡಲಿಲ್ಲ. ಆ ರಾತ್ರಿ ಲಿಂಗಪೂಜೆಗೆ ಕುಳಿತಾಗ ಮುಳ್ಳು ಕಣ್ಣೆದುರಿಗೆ ಬಂದು ನಿಂತಿತು. ಅಂದಾಜೆಂಬ ಮಾತಿನಲ್ಲಿ ಎಷ್ಟು ಸುಲಭವಾಗಿ ಒಬ್ಬರ ಹಗಲಿನ ಒಂದು ಪಾಲು ಕರಗಿಹೋಗುವುದೆಂಬುದನ್ನು ಗ್ರಂಥಗಳನ್ನು ಓದಿ ಬಲ್ಲವನಾಗಿದ್ದೆನು. ಕಣ್ಣಾರೆ ಕಂಡಾಗ ಅದನ್ನು ನುಡಿಯುವ ಧೈರ್ಯವು ನನಗೆ ಸಾಲಲಿಲ್ಲ.

ಆ ಸಂಜೆಯ ನಂತರವೇ ಶಿವಪ್ಪನಾಯಕನ ಚರಿತ್ರೆಯನ್ನು ನಾನು ಮತ್ತೆ ಓದಿದುದು. ಚೀಲದಲ್ಲಿ ನೀರು ಎಷ್ಟಿರುವುದೆಂದು ತಿಳಿಯುವ ದಾರಿಯಿಲ್ಲವೆ? ಉಂಟು. ಒಂದು ಚೀಲದ ಹಣ್ಣನ್ನು ಹರಡಿ, ಇಬ್ಬನಿ ಆರಿದ ಮೇಲೆ ತೂಗಿ, ಮಂಜಿನ ದಿನ ಎಷ್ಟು, ಬಿಸಿಲಿನ ದಿನ ಎಷ್ಟು ಎಂದು ಬರೆದಿಟ್ಟರೆ ಕೆಲವು ದಿನಗಳಲ್ಲಿಯೇ ನಿಜವು ತಿಳಿಯುವುದು. ಈ ಬೆಟ್ಟಗಳ ನಡುವೆಯೇ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಸ್ಥಾಪಿತವಾದ ಕಾಫಿಯ ಪ್ರಯೋಗಕ್ಷೇತ್ರದಲ್ಲಿ ವಿದ್ವಾಂಸರು ಗಿಡವೊಂದರ ಗುಣವನ್ನು ನಿಶ್ಚಯಿಸಲು ವರ್ಷಗಟ್ಟಲೆ ನೆಟ್ಟು, ಅಳೆದು, ಕಾಯುವುದನ್ನು ನಮ್ಮ ಭಕ್ತರು ಬಲ್ಲರು. ಗಿಡದ ವಿಷಯದಲ್ಲಿ ಇಷ್ಟು ತಾಳ್ಮೆಯುಳ್ಳ ನಮಗೆ ಮನುಷ್ಯರ ವಿಷಯದಲ್ಲಿ ಏಕೆ ಇಷ್ಟು ಅವಸರ?

ಶಿಸ್ತು ಎಂಬ ಮಾತು ಇಂದು ನಡೆನುಡಿಗಳ ಕ್ರಮವೆಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಪಾಠಶಾಲೆಯಲ್ಲಿ ಮಕ್ಕಳಿಗೆ ಶಿಸ್ತನ್ನು ಕಲಿಸಬೇಕೆನ್ನುವೆವು. ಮಠದಲ್ಲಿ ವಟುಗಳಿಗೆ ಶಿಸ್ತಿರಬೇಕೆನ್ನುವೆವು. ಹಾಗೆನ್ನುವಾಗ ಕಿರಿಯರು ಹಿರಿಯರಿಗೆ ಅಧೀನರಾಗಿರಬೇಕೆಂಬುದೇ ನಮ್ಮ ಮನಸ್ಸಿನಲ್ಲಿರುವುದು. ಶಿವಪ್ಪನಾಯಕನ ಹೆಸರಿನೊಡನೆ ಆ ಮಾತು ಸೇರಿಕೊಂಡ ಕಾಲದಲ್ಲಿ ಅದು ಮೊದಲು ಕಟ್ಟಿಹಾಕಿದುದು ದೊರೆಯ ಕೈಯನ್ನು. ಇಷ್ಟರ ಮೇಲೆ ನೀನು ತೆಗೆದುಕೊಳ್ಳಬಾರದೆಂದು ಅರಸನು ತನಗೆ ತಾನೇ ಹಾಕಿಕೊಂಡ ಗೆರೆಯೇ ಶಿಸ್ತು. ಬಲವುಳ್ಳವನು ತನ್ನ ಮೇಲೆ ವಿಧಿಸಿಕೊಂಡಾಗಲೇ ಅದು ಧರ್ಮವಾಗುವುದು.

ಶಿವಪ್ಪನಾಯಕನ ಅರಮನೆಗಳು ಬಿದ್ದುಹೋಗಿವೆ. ಬಿದನೂರಿನ ಕೋಟೆಯಲ್ಲಿ ಹುಲ್ಲು ಬೆಳೆದಿದೆ. ಇಕ್ಕೇರಿಯ ಅಘೋರೇಶ್ವರನ ದೇವಾಲಯವು ಇಂದಿಗೂ ನಿಂತಿದೆ. ಸದ್ಭಕ್ತರು ಯಾತ್ರಾರ್ಥವಾಗಿ ಅಲ್ಲಿಗೆ ಹೋದಾಗ, ಮೆಟ್ಟಿಲ ಕಲ್ಲನ್ನು ದಾಟುವ ಮುನ್ನ ಬಾಗಿ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿ. ಮನೆಗೆ ಹಿಂದಿರುಗಿದ ಮೇಲೆ ತಮ್ಮ ತಮ್ಮ ಅಂಗಡಿಯ ಕೊಳಗವನ್ನೂ, ತೋಟದ ತಕ್ಕಡಿಯನ್ನೂ, ಅಣ್ಣತಮ್ಮಂದಿರ ನಡುವಣ ಬೇಲಿಯನ್ನೂ ಆ ಕಲ್ಲಿಗೆ ಮನಸ್ಸಿನಲ್ಲಿಯೇ ಹೊಂದಿಸಿ ನೋಡಲಿ. ಶ್ರೀಮಠದ ಉಗ್ರಾಣದ ಅಳತೆಯನ್ನೂ ಹಾಗೆಯೇ ನೋಡಬೇಕೆಂದು ಶ್ರೀಗುರುಗಳ ಪಾದಕ್ಕೆ ಅರಿಕೆ ಮಾಡಿಕೊಂಡಿರುವೆನು. ನನ್ನ ಪಾಲಿಗೆ ಉಳಿದುದು ಇಷ್ಟು: ಮುಂದಿನ ಕುಯ್ಲಿನಲ್ಲಿ ಯಾವ ತೋಟದ ಜಗಲಿಯ ಮೇಲೆ ಕುಳಿತಿರುವೆನೋ ಅಲ್ಲಿ, ತಕ್ಕಡಿಯ ಮುಳ್ಳನ್ನು ನೋಡಿ ಸುಮ್ಮನಿರದಂತೆ ಶಿವನು ನನಗೆ ಬುದ್ಧಿಯನ್ನೂ ಬಾಯನ್ನೂ ಕೊಡಲಿ.

ಸರ್ವರಿಗೂ ಶಿವಕೃಪೆಯಾಗಲಿ. ಶಿವಮಸ್ತು.